ಕೆಂಗುಡ್ಡದಲ್ಲಿ ತಂತಿ ಕಟ್ಟಿದವರಿಗೆ

ಸೂಡಿಹಾಳ
ಉರಿದಿಂಗಳು, ಮೂವತ್ತನಾಲ್ಕನೆಯ ದಿನ, ೨೧೪೯

ಮಾನ್ಯ ವಿರೂಪಾಕ್ಷಗೌಡ ಕೊಣ್ಣೂರ ಅವರಿಗೆ,

ಮೇಲಿನ ತಾರೀಖು ನೋಡಿ ಕಾಗದವನ್ನು ಹರಿದುಹಾಕಬೇಡಿ. ಉರಿದಿಂಗಳು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ. ಬೇಸಿಗೆ ಬೆಳೆಯುತ್ತ ಬೆಳೆಯುತ್ತ ಏಪ್ರಿಲ್ ಮೇ ತಿಂಗಳುಗಳಲ್ಲಿ ಹಿಡಿಸದೆ ಹೋದಾಗ, ನಮ್ಮ ಅಜ್ಜಿಯರ ಕಾಲದಲ್ಲಿ ಅದಕ್ಕೊಂದು ಬೇರೆ ತಿಂಗಳನ್ನೇ ಕಟ್ಟಿಕೊಟ್ಟರು. ಅದಕ್ಕೆ ನಲವತ್ತು ದಿನ. ಆ ನಲವತ್ತು ದಿನ ಅಂಚೆಯೊಂದನ್ನು ಬಿಟ್ಟು ಹೊಲ, ಕಚೇರಿ, ಶಾಲೆ ಎಲ್ಲ ಬಂದ್. ಕಾಗದ ಬರೆಯಲು ಬಿಡುವು ಸಿಗುವುದು ಆಗಲೇ. ನನ್ನ ಕನ್ನಡದಲ್ಲಿ ನಿಮಗೆ ತಿಳಿಯದ ಮಾತುಗಳು ಬಂದರೆ ಕ್ಷಮಿಸಿ. ಅಲ್ಲಲ್ಲೇ ಅರ್ಥ ಹೇಳುತ್ತ ಹೋಗುತ್ತೇನೆ. ಇದೊಂದು ವಿಷಯಕ್ಕೆ ಮಾತ್ರ ನಾನು ನಿಮ್ಮ ಕ್ಷಮೆ ಕೇಳುತ್ತಿರುವುದು.

ನನ್ನ ಹೆಸರು ನೀಲಗಂಗಾ ತಿಮ್ಮಾಪುರ. ವಯಸ್ಸು ಅರವತ್ತಮೂರು. ನಿನ್ನೆ ನೀವು ಸೇಬುಹಣ್ಣಿನ ಬುಟ್ಟಿ ಹಿಡಿದು ಗದಗಿನ ಆಸ್ಪತ್ರೆಗೆ ಹೋಗಿ ಬಂದಿರಿ. ಅಲ್ಲಿ ಕುತ್ತಿಗೆಗೆ ಪಟ್ಟಿ ಸುತ್ತಿಸಿಕೊಂಡು ಮಲಗಿದ್ದ ಹತ್ತೊಂಬತ್ತು ವರ್ಷದ ದಾನೇಶ್ವರಿ ನನ್ನ ಮುತ್ತಜ್ಜಿ. ಈ ಪತ್ರ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಿನ ಕಾಲಕ್ಕೆ ಕಾಗದ ಮುಟ್ಟಿಸುವ ಅಂಚೆ ಅದು. ಒಬ್ಬರಿಗೆ ಬದುಕಿನಲ್ಲಿ ಒಂದೇ ಪತ್ರ. ಹೆಚ್ಚಿನವರು ತೀರಿಹೋದ ತಾಯಿಗೆ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ.

ನಡೆದದ್ದೆಲ್ಲ ನಿಮಗೆ ಗೊತ್ತಿದೆ. ಆದರೂ ಮೊದಲಿನಿಂದ ಬರೆಯುತ್ತೇನೆ. ಏಕೆಂದರೆ ನಿನ್ನೆಯಿಂದಲೇ ನೀವು ಇದನ್ನು ಬೇರೆ ರೀತಿ ಹೇಳಲು ಶುರು ಮಾಡಿದ್ದೀರಿ. ಹೇಳಿ ಹೇಳಿ, ಕೊನೆಗೆ ಅದನ್ನೇ ನಂಬುತ್ತೀರಿ.

ಕೆಂಗುಡ್ಡದ ಮೇಲೆ ಕುರಿಗಾರರ ಹಳೆಯ ಕಾಲುದಾರಿ ಇತ್ತು. ನಿವೃತ್ತ ಡ್ರಿಲ್ ಮಾಸ್ತರರಾದ ಮಾಬುಸಾಬ ನದಾಫ ಅವರು ಸೂಡಿಹಾಳದ ಹನ್ನೊಂದು ಹುಡುಗ ಹುಡುಗಿಯರನ್ನು ಕಟ್ಟಿಕೊಂಡು, ಹಾರೆ ಸಲಿಕೆ ಹಿಡಿದು, ಮೂರು ಬೇಸಿಗೆ ದುಡಿದು ಆ ದಾರಿಯನ್ನು ಆರು ಕಿಲೋಮೀಟರಿನ ಸೈಕಲ್ ಟ್ರ್ಯಾಕ್ ಮಾಡಿದರು. ತಿರುವುಗಳಲ್ಲಿ ಮಣ್ಣು ಕೊಚ್ಚಿಹೋಗದಂತೆ ಕಲ್ಲು ಜೋಡಿಸಿದರು. ಗುಡ್ಡ ನಿಮ್ಮ ಹೆಸರಿನಲ್ಲಿತ್ತು. ಸಲಿಕೆ ಹಾಕುವ ಮೊದಲು ನದಾಫ ಸರ್ ನಿಮ್ಮ ಮನೆಗೆ ಬಂದು ಕೇಳಿದ್ದರು. ನೀವು ಚಹಾ ಕುಡಿಸಿ, "ಗುಡ್ಡ ನಿಮ್ದ ಅಂತ ತಿಳೀರಿ ಸರ್. ನಮ್ಮೂರ ಹುಡುಗ್ರು ಮುಂದ ಬರ್ತಾರಂದ್ರ ನಾ ಬ್ಯಾಡ ಅಂತೀನೇನು?" ಎಂದಿರಿ. ಪಂಕ್ಚರ್ ಅಂಗಡಿಯವನ ಮಗಳು ದಾನೇಶ್ವರಿ ರಾಜ್ಯಮಟ್ಟದಲ್ಲಿ ಚಿನ್ನದ ಪದಕ ತಂದಾಗ ನೀವೇ ಮಾಲೆ ಹಾಕಿದಿರಿ. ಆ ಫೋಟೋ ಈಗಲೂ ನನ್ನಲ್ಲಿದೆ. ಅದರಲ್ಲಿ ನೀವು ನಗುತ್ತಿದ್ದೀರಿ, ಅವಳೂ ನಗುತ್ತಿದ್ದಾಳೆ.

ಆಮೇಲೆ ರೆಸಾರ್ಟ್ ಮಾಡುವವರು ಬಂದರು. ಒಂದು ಸೋಮವಾರ ಬೆಳಿಗ್ಗೆ ಹುಡುಗರು ಸೈಕಲ್ ಏರಿ ಬಂದಾಗ ಗುಡ್ಡದ ಬುಡಕ್ಕೆ ಬೇಲಿ, ಬೇಲಿಗೊಂದು ಬೋರ್ಡು: "ಇದು ಖಾಸಗಿ ಜಾಗ. ಅನುಮತಿ ಇಲ್ಲದೆ ಒಳಬರಬಾರದು." ನದಾಫ ಸರ್ ದಾನೇಶ್ವರಿಯನ್ನು ಕರೆದುಕೊಂಡು ನಿಮ್ಮ ಪಡಸಾಲೆಗೆ ಬಂದರು. ಆ ದಿನ ಚಹಾ ಇರಲಿಲ್ಲ.

"ಗೌಡ್ರ, ಮೂರು ವರ್ಷ ಕೈ ಬೊಬ್ಬಿ ಬರೂತನಕ ಅಗದೀವ್ರಿ ಆ ಹಾದಿ," ಎಂದರು ಸರ್.

"ಅಗೀರಿ ಅಂತ ನಾ ಕಾಗದ ಬರದು ಕೊಟ್ಟೀನೇನು? ಸೈಕಲ್ ಹೊಡ್ಯಾಕ ಸರಕಾರಿ ರಸ್ತೆ ಐತಿ, ಅಲ್ಲಿ ಹೊಡೀರಿ. ಕಾನೂನು ನನ್ನ ಕಡೆ ಐತಿ."

ನಿಮ್ಮ ಮೇಜಿನ ಮೇಲೆ ರೆಸಾರ್ಟಿನ ಬಣ್ಣದ ಹಾಳೆ ಇತ್ತು. ಅದರಲ್ಲಿ ಆ ಟ್ರ್ಯಾಕಿನದೇ ಚಿತ್ರ, ಕೆಳಗೆ "ಗುಡ್ಡದ ಸೈಕಲ್ ಸವಾರಿ, ನಮ್ಮ ಅತಿಥಿಗಳಿಗೆ ಮಾತ್ರ" ಎಂಬ ಅಕ್ಷರಗಳು. ದಾನೇಶ್ವರಿ ಆ ಚಿತ್ರದಲ್ಲಿದ್ದ ತಿರುವನ್ನು ಗುರುತು ಹಿಡಿದಳು. ಅಲ್ಲಿಯ ಕಲ್ಲುಗಳನ್ನು ಅವಳೇ ಜೋಡಿಸಿದ್ದಳು.

ಅವರು ಕೂಗಾಡಲಿಲ್ಲ. ಗ್ರಾಮದ ಹಳೆಯ ನಕಾಶೆ ತೆಗೆಸಿದರು. ಅದರಲ್ಲಿ ಕೆಂಗುಡ್ಡದ ಮೇಲೆ ಒಂದು ಚುಕ್ಕಿಗೆರೆ ಇತ್ತು. ಚುಕ್ಕಿಗೆರೆ ಎಂದರೆ ಕಾಲುದಾರಿ. ಹೊಲ ಯಾರದ್ದೇ ಆಗಿರಲಿ, ದಾರಿ ಊರಿನದು. ಅಳತೆಯವರು ಬಂದು ನೋಡಿ, ಬೇಲಿಯಲ್ಲಿ ಆಳು ಹಾಯುವಷ್ಟು ಜಾಗ ಬಿಡಿಸಿದರು. ನೀವು ಸುಮ್ಮನೆ ನಿಂತು ನೋಡಿದಿರಿ. ಹುಡುಗರು ಸೈಕಲ್ಲುಗಳನ್ನು ಹೆಗಲ ಮೇಲೆ ಹೊತ್ತು ಆ ಸಂದಿಯಲ್ಲಿ ಒಳಗೆ ಹೋದರು.

ಆರು ದಿನಗಳ ಹಿಂದೆ, ಸಂಜೆ ಐದರ ಸುಮಾರಿಗೆ, ನೀವು ನಿಮ್ಮ ಕಾವಲುಗಾರ ಫಕೀರಪ್ಪನ ಜೊತೆ ಇಳಿಜಾರಿನ ಎರಡು ಕಮರ ಮರಗಳ ನಡುವೆ ಉಕ್ಕಿನ ತಂತಿ ಕಟ್ಟಿದಿರಿ. ಯಾಕೆ ಕಟ್ಟಿದಿರಿ ಎಂಬುದು ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೀರಿ. ಇಪ್ಪತ್ತೆರಡು ವರ್ಷಗಳ ನಂತರ ಫಕೀರಪ್ಪ ಹೇಳುತ್ತಾನೆ, ಹೆಬ್ಬೆಟ್ಟು ಒತ್ತಿ ಹೇಳುತ್ತಾನೆ. ಅವನ ಮಾತು ಹೀಗಿದೆ: "ದನಕ್ಕಾದ್ರ ಇಷ್ಟು ಎತ್ತರ ಯಾಕ್ರಿ ಅಂತ ಕೇಳ್ದೆ. ದನಕ್ಕಲ್ಲೋ, ಆ ಸೈಕಲಿನವ್ರಿಗೆ, ಅಂದ್ರು ಗೌಡ್ರು. ನಾ ತಂತಿ ಹಿಡದೆ, ಅವ್ರು ಬಿಗದ್ರು."

ತಂತಿ ಕಟ್ಟಿದ ಮರುದಿನ ಬೆಳಿಗ್ಗೆ ಏಳು ಗಂಟೆಗೆ ದಾನೇಶ್ವರಿ ಎಲ್ಲರಿಗಿಂತ ಮುಂದಿದ್ದಳು. ರಾಷ್ಟ್ರಮಟ್ಟದ ಆಯ್ಕೆಗೆ ಹನ್ನೆರಡು ದಿನ ಉಳಿದಿತ್ತು. ನಿಂತವರ ಎದೆಮಟ್ಟಕ್ಕಿದ್ದ ತಂತಿ, ಬಾಗಿ ಇಳಿಯುವವಳ ಗಂಟಲಿಗೆ ಬಂತು. ಹಿಂದಿನಿಂದ ಬಂದ ನದಾಫ ಸರ್ ತಮ್ಮ ಟವೆಲಿನಿಂದ ಅವಳ ಕುತ್ತಿಗೆಯನ್ನು ಒತ್ತಿ ಹಿಡಿದು, "ಮಾತಾಡಬ್ಯಾಡ ಮಗಳ, ಉಸರಾಡು, ಉಸರಾಡಿದ್ರ ಸಾಕು" ಎನ್ನುತ್ತಲೇ ಹುಡುಗರ ಕೈಯಲ್ಲಿ ಅವಳನ್ನು ಕೆಳಗಿಳಿಸಿದರು. ನಿನ್ನೆ ನೀವು ಅವಳ ಮಂಚದ ಬಳಿ ನಿಂತು, "ಆದದ್ದಾತವ್ವ. ದನ ಬರ್ತಾವಂತ ಕಟ್ಟಿಸಿದ್ದು. ಈ ಮಾತು ಇನ್ನ ಬೆಳಸಬ್ಯಾಡ್ರಿ" ಎಂದಿರಿ. ಅವಳು ಏನೂ ಹೇಳಲಿಲ್ಲ. ಹೇಳಲು ಅವಳಿಗೆ ಗಂಟಲೇ ಉಳಿದಿರಲಿಲ್ಲ. ಆ ಮೌನವನ್ನು ನೀವು ಒಪ್ಪಿಗೆ ಎಂದು ತಿಳಿದು, ಹಗುರಾಗಿ ಮನೆಗೆ ಹೋದಿರಿ.

ಇನ್ನು ಮುಂದಿನದು. ಇದನ್ನು ನಿಮಗೆ ತಿಳಿಸಲೆಂದೇ ನನಗಿದ್ದ ಒಂದೇ ಪತ್ರವನ್ನು ಖರ್ಚು ಮಾಡುತ್ತಿದ್ದೇನೆ.

ಅಪಘಾತ ಎಂದು ಬರೆದು ಕೇಸು ಮುಚ್ಚುತ್ತಾರೆ. ಅದಕ್ಕೆ ಬಹಳ ಸಂತೋಷಪಡಬೇಡಿ. ನದಾಫ ಸರ್ ಮತ್ತೆ ಸೈಕಲ್ ಮುಟ್ಟುವುದಿಲ್ಲ. ನಾಲ್ಕನೆಯ ವರ್ಷ ತೀರಿಕೊಳ್ಳುತ್ತಾರೆ. ದಾನೇಶ್ವರಿಯ ದನಿ ಮರಳುವುದಿಲ್ಲ. ತೊಂಬತ್ತೊಂದು ವರ್ಷ ಬದುಕಿದ ಅವಳು ಕೊನೆಯವರೆಗೂ ಪಿಸುಗುಟ್ಟಿಯೇ ಮಾತಾಡಿದಳು. ನಾನು ಹನ್ನೆರಡು ವರ್ಷದವಳಾಗುವವರೆಗೆ ಅವಳ ಮಡಿಲಲ್ಲಿ ಬೆಳೆದೆ. ನಮ್ಮ ಮನೆಯಲ್ಲಿ ಮಕ್ಕಳಿಗೆ ಮೊದಲು ಬರುವುದು ಪಿಸುಮಾತು. ಜೋರಾಗಿ ಮಾತಾಡುವುದನ್ನು ನಾವು ಶಾಲೆಯಲ್ಲಿ ಕಲಿತೆವು. ಅವಳು ಹೆತ್ತ ಮಗಳಿಗೆ ಅವಳೊಂದು ಜೋಗುಳ ಹಾಡಲಿಲ್ಲ. ಇದನ್ನು ನೀವು ನಿಮ್ಮ ಮಗನಿಗೆ ಹಾಡು ಹೇಳಿ ಮಲಗಿಸುವಾಗ ನೆನೆಸಿಕೊಳ್ಳಿ.

ರೆಸಾರ್ಟು ಶುರುವಾಗುತ್ತದೆ. ಬೋರುಗಳು ಬತ್ತಿ ಏಳನೆಯ ವರ್ಷ ಮುಚ್ಚುತ್ತದೆ. ಖಾಲಿ ಕೋಣೆಗಳಲ್ಲಿ ಕಾಡುಹಂದಿಗಳು ಮರಿ ಹಾಕುತ್ತವೆ. ಗುಡ್ಡದ ಬುಡದಲ್ಲಿ ಉಳಿಯುವುದು ನಿಮ್ಮ ಮನೆಯೊಂದೇ. ಅಲ್ಲಿಂದ ಡಾಂಬರು ರಸ್ತೆಗೆ ನಿಮ್ಮ ಕಾರು ನಾಲ್ಕು ಜನರ ಹೊಲ ಹಾದು ಬರಬೇಕು. ಅಪ್ಪ ಅಜ್ಜನ ಕಾಲದಿಂದ ಹಾಗೇ ಹಾದು ಬಂದಿದ್ದೀರಿ, ಯಾರನ್ನೂ ಕೇಳಿಲ್ಲ. ಸೂಡಿಹಾಳದ ಜನ ಬಹಳ ವರ್ಷ ಏನೂ ಮಾಡುವುದಿಲ್ಲ. ಮರೆತಿದ್ದಾರೆ ಎಂದು ನೀವು ತಿಳಿಯುತ್ತೀರಿ. ಆದರೆ ಆ ಹನ್ನೊಂದು ಮಕ್ಕಳು ದೊಡ್ಡವರಾಗಿ, ತಂದೆ ತಾಯಿ ತೀರಿದ ಮೇಲೆ ತಾವೇ ಹೊಲದ ಒಡೆಯರಾಗುತ್ತಾರೆ. ಆ ನಾಲ್ಕು ಹೊಲಗಳೂ ಅವರಲ್ಲೇ ನಾಲ್ವರಿಗೆ ಬರುತ್ತವೆ.

ಮೊದಲು ಬೇಲಿ ಹಾಕುವವಳು ಹನಮವ್ವ ಬೂದಿಹಾಳ, ಟ್ರ್ಯಾಕಿನಲ್ಲಿ ಯಾವಾಗಲೂ ಕೊನೆಗೆ ಬರುತ್ತಿದ್ದ ದಪ್ಪ ಹುಡುಗಿ. ನೀವು ಕಾರು ನಿಲ್ಲಿಸಿ, "ಏನಿದು ಹನಮವ್ವ?" ಎಂದು ಕೇಳುತ್ತೀರಿ. ಅವಳು ಬೋರ್ಡು ತೋರಿಸುತ್ತಾಳೆ. ಅದೇ ಅಕ್ಷರ, ಅದೇ ಬಣ್ಣ.

"ಖಾಸಗಿ ಜಾಗ ರೀ ಗೌಡ್ರ. ನಿಮ್ಗ ಓದಾಕ ಬರ್ತೈತಲ್ಲ?"

ಒಂದು ವರ್ಷದಲ್ಲಿ ಉಳಿದ ಮೂವರೂ ಬೇಲಿ ಹಾಕುತ್ತಾರೆ. ಒಂದು ಕಲ್ಲು ಬೀಳುವುದಿಲ್ಲ, ಒಂದು ಕೆಟ್ಟ ಮಾತು ಬರುವುದಿಲ್ಲ. ಕಾನೂನು ಅವರ ಕಡೆ ಇರುತ್ತದೆ. ನಿಮ್ಮ ಕಾರು ಅಂಗಳದಲ್ಲಿ ನಿಲ್ಲುತ್ತದೆ. ಅದರ ಟೈರುಗಳು ನೆಲಕ್ಕೆ ಕೂರುವುದನ್ನು ನೀವು ಪಡಸಾಲೆಯಲ್ಲಿ ಕುಳಿತು ನೋಡುತ್ತೀರಿ.

ಅಷ್ಟು ವರ್ಷ ದಾನೇಶ್ವರಿ ಏನು ಮಾಡುತ್ತಿದ್ದಳು ಎಂಬುದನ್ನು ಹೇಳಬೇಕು. ಅವಳು ಸರಪಳಿ ಹಿಡಿದು ಭೂಮಿ ಅಳೆಯುವುದನ್ನು ಕಲಿತಳು. ಮೂವತ್ತು ವರ್ಷ ಜಿಲ್ಲೆಯ ಒಂದೊಂದು ಚುಕ್ಕಿಗೆರೆಯನ್ನೂ ನಡೆದಳು. ಮುಳ್ಳು ಬೆಳೆದಲ್ಲಿ ಮುಳ್ಳು ಕಡಿಸಿ, ಬೇಲಿ ಇದ್ದಲ್ಲಿ ದೂರು ಕೊಟ್ಟು, ನಾಲ್ಕು ಸಾವಿರ ಹಾದಿಗಳನ್ನು ಮತ್ತೆ ಊರುಗಳ ಹೆಸರಿಗೆ ಮಾಡಿಸಿದಳು. ಅವಳು ಬರೆದಿಟ್ಟ ದಾಖಲೆಗೆ ನಾವು ಹಾದಿಪಟ್ಟಿ ಎನ್ನುತ್ತೇವೆ, ಅದನ್ನು ಕಾಯುವವರಿಗೆ ಹಾದಿಗಾವಲಿ. ಮೊದಲ ಹಾದಿಗಾವಲಿ ಅವಳು, ಈಗ ನಾನು. ಗುಡ್ಡ ಯಾರ ಹೆಸರಿನಲ್ಲಾದರೂ ಇರಲಿ, ಹಾದಿಪಟ್ಟಿಯಲ್ಲಿರುವ ದಾರಿಯಲ್ಲಿ ನಡೆಯಬಹುದು, ಸೈಕಲ್ ಹೊಡೆಯಬಹುದು, ಕುರಿ ಹೊಡೆದುಕೊಂಡು ಹೋಗಬಹುದು. ನಿಮ್ಮ ಕಾಲದಲ್ಲಿ ಇದಕ್ಕೆ ಹೊಡೆದಾಟ ಆಗುತ್ತಿತ್ತು ಎಂದರೆ ನಮ್ಮ ಮಕ್ಕಳು ನಂಬುವುದಿಲ್ಲ.

ನಿಮಗೆ ಎಪ್ಪತ್ತೊಂಬತ್ತು ತುಂಬಿದ ವರ್ಷ, ಒಂದು ಬುಧವಾರ, ನೀವು ಹೊಲಗಳ ಬದುವಿನ ಮೇಲೆ ತಡವರಿಸುತ್ತ ನಡೆದು ಅವಳ ಕಚೇರಿಗೆ ಹೋಗುತ್ತೀರಿ. ಅರ್ಜಿ ನಿಮ್ಮ ಕೈಯಲ್ಲಿರುತ್ತದೆ: ನನ್ನ ಮನೆಗೆ ದಾರಿ ಬಿಡಿಸಿಕೊಡಿ. ಸಾಲಿನಲ್ಲಿ ನಿಮ್ಮ ಮುಂದೆ ಏಳು ಜನ. ಯಾರೂ ಮುಂದೆ ಬಿಡುವುದಿಲ್ಲ. ನಿಮ್ಮ ಸರದಿ ಬಂದಾಗ ಅವಳು ಏನೋ ಕೇಳುತ್ತಾಳೆ, ನಿಮಗೆ ಕೇಳಿಸುವುದಿಲ್ಲ. ಆಗಲೇ ನಿಮ್ಮ ಕಿವಿ ಮಂದ, ಅವಳದು ಪಿಸುಮಾತು. ನೀವು ಮೇಜಿನ ಮೇಲೆ ಬಗ್ಗಿ, ಕಿವಿಯನ್ನು ಅವಳ ಬಾಯಿಯ ಹತ್ತಿರ ತರಬೇಕಾಗುತ್ತದೆ. ಹಾಗೆ ಬಗ್ಗಿದಾಗ ನಿಮ್ಮ ಕಣ್ಣಿಗೆ ಗೇಣಳತೆಯಲ್ಲಿ ಅವಳ ಕುತ್ತಿಗೆಯ ಗಾಯದ ಗೆರೆ.

"ಎಷ್ಟು ವರ್ಷದಿಂದ ಓಡಾಡ್ತೀರಿ ಆ ದಾರ್ಯಾಗ?"

"ಅಪ್ಪನ ಕಾಲದಿಂದ್ರಿ."

"ಕೇಳಿಸ್ಲಿಲ್ಲ. ಇನ್ನೊಮ್ಮೆ ಹೇಳ್ರಿ."

ನೀವು ಇನ್ನೊಮ್ಮೆ ಹೇಳುತ್ತೀರಿ. ಮತ್ತೊಮ್ಮೆ ಹೇಳುತ್ತೀರಿ. ಅವಳ ಕಿವಿ ಚೆನ್ನಾಗಿಯೇ ಇತ್ತು, ಇದನ್ನು ಅವಳೇ ನನಗೆ ಹೇಳಿದ್ದಾಳೆ. ಹೇಳಿ ಬಹಳ ಹೊತ್ತು ನಕ್ಕಳು, ಸದ್ದಿಲ್ಲದ ನಗು.

ಅವಳು ನಿಮಗೆ ಅನ್ಯಾಯ ಮಾಡಲಿಲ್ಲ. ನಕಾಶೆ ತೆಗೆದಳು. ನಿಮ್ಮ ಮನೆಯಿಂದ ರಸ್ತೆಗೆ ಬಂಡಿದಾರಿ ಇರಲಿಲ್ಲ, ಕಾಲುದಾರಿ ಇತ್ತು. ಅವಳೇ ಬಂದು ಅಳೆದು, ಮೂರೇ ಅಡಿ ಅಗಲ ಬಿಡಿಸಿಕೊಟ್ಟಳು. ಮೂರು ಅಡಿಯಲ್ಲಿ ಕಾರು ಹೋಗದು. ಅಲ್ಲಿಂದ ಐದು ವರ್ಷ, ಬದುಕಿರುವವರೆಗೆ, ಔಷಧಿಗೂ ಎಣ್ಣೆಗೂ ನೀವು ಆ ಮೂರು ಅಡಿಯಲ್ಲಿ ಕೋಲೂರಿಕೊಂಡು ನಡೆಯುತ್ತೀರಿ. ಸೈಕಲ್ಲಿನ ಹುಡುಗರು ಹಿಂದಿನಿಂದ ಗಂಟೆ ಬಾರಿಸಿದರೆ ನೀವು ಬದಿಗೆ ಸರಿದು ನಿಲ್ಲಬೇಕಾಗುತ್ತದೆ.

ನೀವು ಸತ್ತ ಮೇಲೆಯೂ ಇದು ಮುಗಿಯುವುದಿಲ್ಲ. ನಿಮ್ಮ ಅಡ್ಡಹೆಸರು ನಮ್ಮ ಮಾತಿನಲ್ಲಿ ಉಳಿದಿದೆ. ದಾರಿಗೆ ಅಡ್ಡ ನಿಂತವನಿಗೆ "ಏನೋ, ಕೊಣ್ಣೂರ ಮಾಡ್ತೀಯೇನು?" ಎನ್ನುತ್ತಾರೆ. ನೀರಿನ ಸರದಿ ತಪ್ಪಿಸಿದರೆ ಕೊಣ್ಣೂರ, ಬಾಗಿಲಲ್ಲಿ ಕಾಲು ಚಾಚಿ ಕೂತರೆ ಕೊಣ್ಣೂರ. ಆಡುವ ಮಕ್ಕಳಿಗೆ ಅದೊಂದು ಮನುಷ್ಯನ ಹೆಸರು ಎಂಬುದೂ ಗೊತ್ತಿಲ್ಲ. ಅವರು ಬಿಸಿಲೇರುವ ಮೊದಲು ಗುಡ್ಡ ಹತ್ತುತ್ತಾರೆ. ಎಂಟು ಗಂಟೆಗೆ ಇಳಿದು ತಂಪುಕಟ್ಟೆಯಲ್ಲಿ, ಅಂದರೆ ನೆಲದೊಳಗೆ ಅರ್ಧ ಹೂತ ನಮ್ಮ ಊರಚಾವಡಿಯಲ್ಲಿ, ಸಜ್ಜೆರೊಟ್ಟಿ ಪುಂಡಿಪಲ್ಲೆ ತಿಂದು ಸಂಜೆಯವರೆಗೆ ಮಲಗುತ್ತಾರೆ. ಅವರ ಸೈಕಲ್ಲುಗಳು ಬಿದಿರಿನವು, ಒಂದೇ ಕೈಯಲ್ಲಿ ಎತ್ತಬಹುದು. ಕಾರುಗಳನ್ನು ಅವರು ಚಿತ್ರದಲ್ಲಿ ನೋಡಿದ್ದಾರೆ. ಊರಿಂದೂರಿಗೆ ಹಾದಿಗಳೇ ಇರುವುದು, ಹಾದಿಯ ಬದಿಗೆ ಮೈಲಿಗೊಂದು ನೀರಿನ ಗಡಿಗೆ. ಗಡಿಗೆ ತುಂಬಿಸುವ ಪಾಳಿ ಪ್ರತಿ ಮನೆಗೂ ಬರುತ್ತದೆ. ನನ್ನದು ಅಮಾವಾಸ್ಯೆಯ ವಾರ. ನಾನು ಗಡಿಗೆ ತುಂಬಿಸುವಾಗಲೆಲ್ಲ ನಿಮ್ಮನ್ನು ಬೈಯುತ್ತೇನೆ, ಗೌಡರೇ. ಇಷ್ಟು ಚಂದದ ಬೆಳಗನ್ನು ಅವಳಿಂದ ಕಿತ್ತುಕೊಂಡದ್ದಕ್ಕೆ.

ಹೋದ ತಿಂಗಳು ಕೆಂಗುಡ್ಡದ ಸೈಕಲ್ ಓಟವಿತ್ತು. ಹೆಸರು ಬರೆದುಕೊಳ್ಳುವವಳು ನಾನು. ಹೊನ್ನಾ ಎಂಬ ಹುಡುಗಿ ಬಂದಳು, ಹತ್ತೊಂಬತ್ತು ವರ್ಷ, ಬೇರೆ ಊರಿನವಳು. ಹಿಂದಿನ ತಲೆಮಾರುಗಳ ಹೆಸರು ಬರೆಸುವುದು ನಮ್ಮ ಪದ್ಧತಿ. ಅವಳು ತಾಯಿಯ ಕಡೆಯದನ್ನು ಮಾತ್ರ ಹೇಳಿದಳು.

"ಅಪ್ಪನ ಕಡಿ ಅಡ್ಡಹೆಸರು?"

"ಬಿಡ್ರಿ ಅಮ್ಮಾ, ಅದು ಬ್ಯಾಡ."

"ಬರೀಬೇಕು."

ಅವಳು ತಲೆ ತಗ್ಗಿಸಿ ಮೆಲ್ಲಗೆ ಹೇಳಿದಳು. ನನಗೆ ಕೇಳಿಸಿತು. "ಜೋರಾಗಿ ಹೇಳು," ಎಂದೆ, "ಕೇಳಸವಲ್ದು."

"ಕೊಣ್ಣೂರ!" ಎಂದು ಕೂಗಿದಳು. ಕಟ್ಟೆಯ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಕೆಲವರು ನಕ್ಕರು. ಅವಳು ಆರು ಕಿಲೋಮೀಟರು ಓಡಿಸಿದಳು, ದಾರಿಯುದ್ದಕ್ಕೂ ಒಬ್ಬರೂ ಅವಳಿಗೆ ಚಪ್ಪಾಳೆ ತಟ್ಟಲಿಲ್ಲ. ಎರಡನೆಯವಳಾಗಿ ಬಂದಳು. ಬೆವರು ಒರೆಸಿಕೊಳ್ಳದೆ ನೇರ ನನ್ನ ಮುಂದೆ ನಿಂತಳು.

"ನಮ್ಮ ಮುತ್ತಜ್ಜನ ಅಪ್ಪ ಏನು ಮಾಡ್ಯಾನ್ರಿ? ಮನ್ಯಾಗ ಯಾರೂ ಹೇಳೂದಿಲ್ಲ. ಆ ಹೆಸರು ಎಲ್ಲೂ ತಗೀಬ್ಯಾಡ ಅಂತಷ್ಟ ಹೇಳ್ಯಾರ."

ನಾನು ಅವಳನ್ನು ಕಚೇರಿಯೊಳಗೆ ಕರೆದೊಯ್ದು ಫಕೀರಪ್ಪನ ಹೇಳಿಕೆ ಓದಿಸಿದೆ. ಓದಿ ಮುಗಿಸಿ ಅವಳು ಕೈಯಿಂದ ತನ್ನ ಗಂಟಲನ್ನು ಮುಟ್ಟಿಕೊಂಡಳು. ನೂರಿಪ್ಪತ್ತಮೂರು ವರ್ಷಗಳಲ್ಲಿ ಕೊಣ್ಣೂರ ಮನೆತನದವರು ಆ ತಂತಿಗಾಗಿ ನಾಚಿದ್ದು ಅದೇ ಮೊದಲು. ನಾಚಿದವಳು ತಂತಿ ಕಟ್ಟಿದವಳಲ್ಲ. ಅವಳ ಕಣ್ಣೀರು ನೋಡಿ ನನಗೆ ಸಿಕ್ಕಬೇಕಾಗಿದ್ದ ತೃಪ್ತಿ ಸಿಗಲಿಲ್ಲ. ತಪ್ಪು ಮನೆಯ ಬಾಗಿಲು ಒದ್ದ ಹಾಗಾಯಿತು. ಅದಕ್ಕೇ ಸರಿಯಾದ ಬಾಗಿಲಿಗೆ ಬಂದಿದ್ದೇನೆ.

ನನ್ನದೊಂದು ಕೇಳಿಕೆ. ಇಂದೇ ಠಾಣೆಗೆ ಹೋಗಿ ನಡೆದದ್ದು ಹೇಳಿ. ಅದಾಗದಿದ್ದರೆ ನಿಮ್ಮ ಮಗನಿಗೆ ಹೇಳಿ, ಅವನು ತನ್ನ ಮಕ್ಕಳಿಗೆ ಹೇಳಲಿ. ಹೊನ್ನಾ ಅದನ್ನು ಹೊರಗಿನವಳಾದ ನನ್ನ ಬಾಯಿಂದ, ಅವಮಾನಪಟ್ಟು, ಕೇಳುವಂತಾಗಬಾರದಿತ್ತು.

ಇವತ್ತು ಇಲ್ಲಿಯವರೆಗಿನ ಪತ್ರವನ್ನು ಹಿಂದಂಚೆಯ ಪರೀಕ್ಷಕರ ಮುಂದಿಟ್ಟೆ; ಈ ಕೊನೆಯ ಸಾಲುಗಳನ್ನು ಅವರ ಮೇಜಿನ ಬಳಿಯೇ ಸೇರಿಸುತ್ತಿದ್ದೇನೆ. ಸಣ್ಣ ಕನ್ನಡಕದ ಮುದುಕರು. ನಡೆದುಹೋದದ್ದನ್ನು ಬದಲಿಸಬಲ್ಲ ಕಾಗದವನ್ನು ಅವರು ಕಳಿಸುವುದಿಲ್ಲ, ಅಲ್ಲೇ ಸುಡುತ್ತಾರೆ. ಓದಿದವನು ಎಂಥವನು, ಓದಿ ಏನು ಮಾಡಿಯಾನು ಎಂಬುದನ್ನು ಅವನ ಇಡೀ ಬದುಕಿನ ದಾಖಲೆ ತೆಗೆದು ನೋಡುತ್ತಾರೆ. ತಾಯಂದಿರಿಗೆ ಬರೆದ ಪತ್ರಗಳಿಗೆ ಅವರು ವಾರಗಟ್ಟಲೆ ಯೋಚಿಸುತ್ತಾರಂತೆ. ನನ್ನದು ಸುಟ್ಟುಹೋಗಲಿ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಸುಟ್ಟರೆ, ನೀವು ಠಾಣೆಗೆ ಹೋಗಬಲ್ಲ ಮನುಷ್ಯ ಎಂದಾದರೂ ತಿಳಿಯುತ್ತಿತ್ತು. ಅವರು ಪತ್ರ ಓದಿದರು, ನಿಮ್ಮ ಹಾಳೆಗಳನ್ನು ತಿರುವಿದರು. ಅರ್ಧಕ್ಕೇ ನಿಲ್ಲಿಸಿ, "ಇಂವಗ ಕಳಿಸಬಹುದವ್ವ. ಏನೂ ಆಗೂದಿಲ್ಲ" ಎಂದು ಮುದ್ರೆ ಒತ್ತಿದರು.

ನೀಲಗಂಗಾ ತಿಮ್ಮಾಪುರ
ಹಾದಿಗಾವಲಿ, ಸೂಡಿಹಾಳ